ದಾನಚಿಂತಾಮಣಿ ಅಂದರೆ ಹೆಸರಾ, ಬಿರುದಾ?

ಓದುಗರ ಪ್ರಶ್ನೆ: ಅತ್ತಿಮಬ್ಬೆಯ ಹೆಸರಿನ ಜೊತೆ ಯಾವಾಗಲೂ ‘ದಾನಚಿಂತಾಮಣಿ’ ಅಂತ ಬರುತ್ತದೆ. ಅದರ ಅರ್ಥವೇನು? ಬೇರೆ ಹೆಂಗಸರಿಗೂ ಆ ಪದ ಬಳಸಬಹುದಾ?

ಉತ್ತರ: ಅದು ಸುಮಾರು ಸಾವಿರ ವರ್ಷದ ಹಿಂದಿನ ಜೈನ ದಾನಿ ಅತ್ತಿಮಬ್ಬೆಯ ಬಿರುದು. ಇಲ್ಲಿ ಚಿಂತೆ ಅಂದರೆ ಕಳವಳ ಅಲ್ಲ. ಮನಸ್ಸಿನಲ್ಲಿ ನೆನೆಯುವುದು ಅನ್ನುವುದು ಆ ಪದದ ಹಳೆಯ ಅರ್ಥ. ನೆನೆದದ್ದನ್ನು ಕೊಡುವ ಮರ ಕಲ್ಪವೃಕ್ಷ, ಹಸು ಕಾಮಧೇನು, ರತ್ನ ಚಿಂತಾಮಣಿ. ದಾನದಲ್ಲಿ ಅಂಥ ರತ್ನದ ಹಾಗಿದ್ದವಳು ದಾನಚಿಂತಾಮಣಿ. ಒಂದೇ ಪದವಾಗಿ ಸೇರಿಸಿ ಬರೆಯಿರಿ.

ದಾನ ಅಂದ ಕೂಡಲೇ ನಮಗೆ ಅನ್ನ, ಬಟ್ಟೆ, ದುಡ್ಡು ನೆನಪಾಗುತ್ತದೆ, ಅಲ್ವಾ? ಜೈನರಲ್ಲಿ ದಾನ ನಾಲ್ಕು ಬಗೆ: ಆಹಾರ, ಔಷಧ, ಅಭಯ, ಶಾಸ್ತ್ರ. ಶಾಸ್ತ್ರದಾನ ಅಂದರೆ ಓದುವವರ ಕೈಗೆ ಗ್ರಂಥ ಕೊಡುವುದು. ನನ್ನ ಮಟ್ಟಿಗೆ ಅತ್ತಿಮಬ್ಬೆಯ ದೊಡ್ಡತನ ಇರುವುದು ಇಲ್ಲೇ. ಪೊನ್ನನ ಶಾಂತಿಪುರಾಣ ಅವಳ ತವರಿನವರು ಬರೆಸಿದ ಕಾವ್ಯ. ಅದನ್ನು ಅವಳು 1000 ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ ಅದು. ಒಂದೊಂದು ಅಕ್ಷರವನ್ನೂ ಓಲೆಗರಿಯ ಮೇಲೆ ಕೈಯಿಂದಲೇ ಕೊರೆಯಬೇಕು. ಹಾಗೆ ಸಾವಿರ ಸಲ! ಗಂಡ ನಾಗದೇವ ಯುದ್ಧದಲ್ಲಿ ಸತ್ತಿದ್ದ. ಅದೇ ಗಂಡನನ್ನು ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಇವಳು ಮಗನಿಗಾಗಿ ಉಳಿದಳು. ಆಮೇಲೆ 993ರಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಂದ ಅಜಿತಪುರಾಣ ಬರೆಸಿದಳು. ರನ್ನ ತನ್ನ ಮಗಳಿಗೂ ಅತ್ತಿಮಬ್ಬೆ ಅಂತಲೇ ಹೆಸರಿಟ್ಟ. ಗದಗ ಹತ್ತಿರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಇವತ್ತಿಗೂ ನಿಂತಿದೆ.

ಬರೆಸಿದಳು, ಮಾಡಿಸಿದಳು, ಕಟ್ಟಿಸಿದಳು. ಈ ಕ್ರಿಯಾಪದಗಳನ್ನು ಗಮನಿಸಿ. ‘ಪೋಷಕಿ’, ‘ಆಶ್ರಯದಾತೆ’ ಪುಸ್ತಕದ ಪದಗಳು, ತಪ್ಪಲ್ಲ. ಆದರೆ ಊರಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಈ ಬಾವಿ ನಮ್ಮಜ್ಜಿ ತೋಡಿಸಿದ್ದು’ ಅನ್ನುತ್ತಾರೆ. ಒಂದು ‘ಇಸು’ ಸೇರಿದರೆ ಸಾಕು, ಕೆಲಸ ಮಾಡಿದವರ ಹಿಂದೆ ನಿಂತವರು ಕಾಣುತ್ತಾರೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಸುಮ್ನೆ ‘ಇಮ್ಮಡಿ ವಿಕ್ರಮಾದಿತ್ಯನ ಕಾಲದ್ದು’ ಅಂದುಬಿಟ್ಟರೆ ರಾಣಿ ಲೋಕಮಹಾದೇವಿಯ ಹೆಸರು ಬಿಟ್ಟುಹೋಗುತ್ತದೆ. ಕಟ್ಟಿಸಿದವಳು ಅವಳು. ಗುಡಿಗೆ ಮೊದಲಿದ್ದ ಲೋಕೇಶ್ವರ ಅನ್ನುವ ಹೆಸರೂ ಅವಳಿಂದಲೇ ಬಂದದ್ದು.

ಇನ್ನು ಬಳಕೆ. ‘ದಾನಚಿಂತಾಮಣಿ’ಯನ್ನು ಬೇರೆಯವರಿಗೂ ಹೇಳಬಹುದು, ವ್ಯಾಕರಣದ ಅಡ್ಡಿ ಇಲ್ಲ. ಆದರೂ ಕನ್ನಡದಲ್ಲಿ ದಾನಶೂರ ಅಂದರೆ ಕರ್ಣ ನೆನಪಾಗುವ ಹಾಗೆ, ಈ ಪದ ಕೇಳಿದರೆ ಅತ್ತಿಮಬ್ಬೆಯೇ ಕಣ್ಣ ಮುಂದೆ ಬರುತ್ತಾಳೆ. ರಾಜ್ಯ ಸರ್ಕಾರ ಲೇಖಕಿಯರಿಗೆ ಕೊಡುವ ಪ್ರಶಸ್ತಿಗೂ ‘ದಾನಚಿಂತಾಮಣಿ ಅತ್ತಿಮಬ್ಬೆ’ ಅನ್ನುವ ಪೂರ್ತಿ ಹೆಸರೇ ಇದೆ. ಹಾಗಾಗಿ ನಿಮ್ಮೂರಿನ ದಾನಿಯ ಬಗ್ಗೆ ಬರೆಯುವಾಗ ಬಿರುದಿನ ಜೊತೆಗೆ ಆಕೆ ಏನು ಮಾಡಿಸಿದರು ಅನ್ನುವುದನ್ನೂ ಬರೆಯಿರಿ: ‘ಶಾಲೆಗೆ ಎರಡು ಕೋಣೆ ಕಟ್ಟಿಸಿದರು’, ‘ಕೆರೆ ಹೂಳು ತೆಗೆಸಿದರು’.