ಭಾರ ಗಂಟಿಗೆ ಕೊಡಿ, ಪೈಪಿಗೆ ಬೇಡ

ಸ್ಪೇಸ್ ಫ್ರೇಮ್ (ಉಕ್ಕಿನ ಪೈಪುಗಳನ್ನು ಜಾಲದಂತೆ ಜೋಡಿಸಿದ ಮಾಡಿನ ಚೌಕಟ್ಟು) ಹಾಕಿಸಿಕೊಂಡ ಮನೆಗಳಿಗೆ ಒಂದು ವರ್ಷ ಬಿಟ್ಟು ಹೋದಾಗ ನಾನು ಮೊದಲು ತಲೆ ಎತ್ತಿ ನೋಡುವುದು ಪೈಪುಗಳ ನಡುಭಾಗವನ್ನು. ಅಲ್ಲಿ ಏನಾದರೊಂದು ನೇತಾಡುತ್ತಿರುತ್ತದೆ. ತೂಗುಯ್ಯಾಲೆ, ಎ.ಸಿ., ಫಾಲ್ಸ್ ಸೀಲಿಂಗಿನ ಕಂಬಿ, ನೀರಿನ ಲೈನು. ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಕಬ್ಬಿಣ ಅಲ್ವಾ ಸಾರ್, ಏನಾಗುತ್ತೆ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಬಿಡುತ್ತೇನೆ.

ಈ ಚೌಕಟ್ಟಿನ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಶ್ರೀರಂಗಪಟ್ಟಣದ ಹತ್ತಿರ ಊಟದ ಹಾಲ್ ಕಟ್ಟುವವರು, ಬೋಗಾದಿ ಕಡೆ ಹೋಂಸ್ಟೇ ಮಾಡುವವರು, ಮಂಡ್ಯದಲ್ಲಿ ಹಳೇ ಮನೆಯ ತಾರಸಿ ಮೇಲೆ ಮಗನಿಗೊಂದು ಮನೆ ಮಾಡಿಕೊಡುವ ಅಪ್ಪಂದಿರು ಇದನ್ನು ಕೇಳಿಕೊಂಡು ಬರುತ್ತಾರೆ. ನಡುವೆ ಕಂಬ ಬೇಡ. ಹಳೇ ಗೋಡೆಗೆ ಭಾರ ಕಮ್ಮಿ. ಎಲ್ಲ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತದೆ, ಸೈಟಿನಲ್ಲಿ ಬೋಲ್ಟ್ ಮಾಡುವುದಷ್ಟೇ. ಬಿಡಿ ಭಾಗ ತರಿಸಿ ಜೋಡಿಸುವುದು ನಮ್ಮೂರಿಗೆ ಹೊಸದೇನಲ್ಲ. ಮೈಸೂರಿನ ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕವಾಗಿ ಹಡಗಿನಲ್ಲಿ ಬಂದವು.

ಮೇಲೊಂದು ಜಾಲ, ಕೆಳಗೊಂದು ಜಾಲ, ಎರಡನ್ನೂ ಸೇರಿಸುವ ಓರೆ ಪೈಪುಗಳು. ಪೈಪುಗಳು ಕೂಡುವ ಕಡೆ ಒಂದು ಉಕ್ಕಿನ ಗುಂಡು. ಇದನ್ನು ಇಲ್ಲಿ ಗಂಟು ಅನ್ನುತ್ತೇನೆ, ಕೆಲಸದವರು ಬಾಲ್ ಅನ್ನುತ್ತಾರೆ. ಜರ್ಮನಿಯ ಮ್ಯಾಕ್ಸ್ ಮೆಂಗರಿಂಗ್‌ಹೌಸನ್ 1940ರ ದಶಕದ ಶುರುವಿನಲ್ಲಿ ರೂಪಿಸಿದ ಮೆರೋ ಗುಂಡಿನಲ್ಲಿ 18 ಕಡೆ ಬೋಲ್ಟ್ ಕೂರುವ ತಿರುಪಿನ ತೂತು ಕೊರೆದಿರುತ್ತಾರೆ. ಬೇಕಾದ ದಿಕ್ಕಿಗೆ ಪೈಪು ತಿರುಗಿಸಿ ಕೂರಿಸಬಹುದು. ಅವರಿಗಿಂತ ಮುಂಚೆ, 1907ರಲ್ಲೇ, ಟೆಲಿಫೋನಿನ ಗ್ರಹಾಂ ಬೆಲ್ ಕೆನಡಾದಲ್ಲಿ ಒಂದೇ ಅಳತೆಯ ತ್ರಿಕೋನದ ಗೂಡುಗಳನ್ನು ಜೋಡಿಸಿ ಗೋಪುರ ನಿಲ್ಲಿಸಿದ್ದರು. ಇತಿಹಾಸ ಇಷ್ಟು ಸಾಕು.

ಈಗ ನಾನು ಬರೆಯಲು ಹೊರಟ ವಿಷಯ. ಈ ಚೌಕಟ್ಟಿನಲ್ಲಿ ಪ್ರತಿ ಪೈಪೂ ಎರಡೇ ಕೆಲಸ ಮಾಡುತ್ತದೆ. ತುದಿಯಿಂದ ತುದಿಗೆ ಎಳೆತ ತಡೆಯುತ್ತದೆ, ಇಲ್ಲವೇ ತುದಿಯಿಂದ ತುದಿಗೆ ಒತ್ತಡ ತಡೆಯುತ್ತದೆ. ಬಾಗುವುದು ಅದರ ಕೆಲಸ ಅಲ್ಲ. ಭಾರ ಗಂಟಿನ ಮೇಲೆ ಬಿದ್ದರೆ ಅಲ್ಲಿ ಕೂಡಿದ ಪೈಪುಗಳೆಲ್ಲ ಎಳೆದುಕೊಂಡೋ ತಳ್ಳಿಕೊಂಡೋ ಹಂಚಿಕೊಳ್ಳುತ್ತವೆ. ಅದಕ್ಕೇ ಇಷ್ಟು ತೆಳು ಪೈಪಿನಲ್ಲಿ ಇಷ್ಟು ಅಗಲದ ಮಾಡು ನಿಲ್ಲುತ್ತದೆ. ಅದೇ ಭಾರವನ್ನು ಪೈಪಿನ ನಡುವಿಗೆ ಕಟ್ಟಿದರೆ ಹಂಚಿಕೊಳ್ಳುವವರು ಯಾರೂ ಇಲ್ಲ. ಆ ಒಂದು ಪೈಪು ಒಂಟಿಯಾಗಿ ಬಾಗಬೇಕು.

ಮಂಡ್ಯದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಬ್ಬಿನ ಜಲ್ಲೆಯ ಎರಡು ತುದಿ ಹಿಡಿದು ಇಬ್ಬರು ಗಂಡಾಳು ಎಳೆದರೂ ಅದು ತುಂಡಾಗುವುದಿಲ್ಲ. ಮೊಣಕಾಲಿಗೆ ಕೊಟ್ಟು ಒತ್ತಿದರೆ ಸ್ಕೂಲು ಹುಡುಗನೂ ಮುರಿಯುತ್ತಾನೆ.

ಲೆಕ್ಕ ಬೇಕು ಅನ್ನುವವರಿಗೆ ಲೆಕ್ಕ. 60.3 ಮಿ.ಮೀ. ಹೊರ ಅಳತೆ, 3.6 ಮಿ.ಮೀ. ದಪ್ಪ, ಎರಡು ಮೀಟರ್ ಉದ್ದದ ಪೈಪು ತೆಗೆದುಕೊಳ್ಳಿ. ನಾವು ಎರಡಿಂಚು ಪೈಪು ಅನ್ನುವುದು ಇದನ್ನೇ. 200 ಕೆ.ಜಿ. ಭಾರ ಅದನ್ನು ಉದ್ದಕ್ಕೆ ಎಳೆದರೆ ಒಳಗೆ ಹುಟ್ಟುವ ಬಿಗಿತ (ಸ್ಟ್ರೆಸ್) ಚದರ ಮಿಲಿಮೀಟರಿಗೆ ಸುಮಾರು 3 ನ್ಯೂಟನ್. ಅದೇ 200 ಕೆ.ಜಿ. ನಟ್ಟನಡುವೆ ನೇತಾಡಿದರೆ ಸುಮಾರು 117. ಮೂರಕ್ಕೂ ನೂರಹದಿನೇಳಕ್ಕೂ ಇರುವ ಅಂತರ ನೋಡಿ. ಇಂಥ ಪೈಪಿನಲ್ಲಿ ಸಾಮಾನ್ಯವಾಗಿ ಸಿಗುವ ಉಕ್ಕು 210ರ ಹತ್ತಿರ ಮಣಿಯಲು ಶುರುಮಾಡುತ್ತದೆ. ಅರ್ಧಕ್ಕಿಂತ ಜಾಸ್ತಿ ಅಲ್ಲೇ ಖರ್ಚಾಯ್ತು. ಮಾಡಿನ ಭಾರದಿಂದ ಆ ಪೈಪಿಗೆ ಮೊದಲೇ ಬಂದಿರುವುದನ್ನು ನಾನಿನ್ನೂ ಸೇರಿಸಿಲ್ಲ. ಉಯ್ಯಾಲೆ ತೂಗುವಾಗ ಭಾರ ಸುಮ್ನೆ ನಿಂತಿರುವುದಿಲ್ಲ, ಅದೂ ಸೇರಿಲ್ಲ. ತುದಿಗಳು ಎಷ್ಟು ಬಿಗಿಯಾಗಿವೆ ಅನ್ನುವುದರ ಮೇಲೆ ಈ ಅಂಕಿ ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು. ನಿಮ್ಮ ಮನೆಯ ಪೈಪಿನ ಲೆಕ್ಕ ನಿಮ್ಮ ಡ್ರಾಯಿಂಗ್ ನೋಡಿಯೇ ಮಾಡಬೇಕು.

"ಎರಡು ವರ್ಷದಿಂದ ನೇತಾಕಿದೀವಿ, ಏನೂ ಆಗಿಲ್ವಲ್ಲ" ಅನ್ನುತ್ತಾರೆ. ಆಗಿರುವುದಿಲ್ಲ, ನಿಜ. ಕೆಳಜಾಲದ ನಡುಭಾಗದ ಪೈಪು ಮಾಮೂಲಿ ದಿನಗಳಲ್ಲಿ ಎಳೆತದಲ್ಲಿರುತ್ತದೆ. ಎಳೆಯುವ ಪೈಪು ಸ್ವಲ್ಪ ಸೊಟ್ಟಗಿದ್ದರೂ ಸಹಿಸಿಕೊಳ್ಳುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ಗಾಳಿಮಳೆ ನೆನಪಿಸಿಕೊಳ್ಳಿ. ಮೈಸೂರಿಗೆ ನಮ್ಮ ಕಟ್ಟಡ ಕೋಡಿನಲ್ಲಿ (ವಿನ್ಯಾಸದ ನಿಯಮ ಪುಸ್ತಕದಲ್ಲಿ) ಹಿಡಿದಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಆ ವೇಗದಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕೆ.ಜಿ. ಮಾಡಿನ ಇಳಿಜಾರು, ಎತ್ತರ, ಸುತ್ತಲಿನ ಬಯಲು ನೋಡಿ ಇದನ್ನು ಹೆಚ್ಚಿಸಬೇಕೋ ತಗ್ಗಿಸಬೇಕೋ ತೀರ್ಮಾನಿಸುತ್ತೇವೆ. ಶೀಟು ಹೊದಿಸಿದ ಹಗುರ ಮಾಡಿನ ಸ್ವಂತ ತೂಕ ಅನೇಕ ಸಲ ಅದರ ಅರ್ಧವೂ ಇರುವುದಿಲ್ಲ. ಗಾಳಿ ಮಾಡನ್ನು ಮೇಲಕ್ಕೆ ಎತ್ತುತ್ತದೆ. ಆಗ ಎಲ್ಲ ತಿರುಗುಮುರುಗು. ಎಳೆತದಲ್ಲಿದ್ದ ಕೆಳಗಿನ ಪೈಪಿಗೆ ಒತ್ತಡ ಬರುತ್ತದೆ. ಮೊದಲೇ ಬಾಗಿರುವ ಪೈಪನ್ನು ಎರಡು ತುದಿಯಿಂದ ಒತ್ತಿದರೆ ಅದು ಇನ್ನಷ್ಟು ಬಾಗುತ್ತದೆ, ನೇರವಾಗುವುದಿಲ್ಲ. ಎರಡು ವರ್ಷ ಸುಮ್ಮನಿದ್ದದ್ದು ಹತ್ತು ನಿಮಿಷದ ಗಾಳಿಗೆ ಕೈಕೊಡುವುದು ಹೀಗೆ.

ಒಂಟಿಕೊಪ್ಪಲಿನ ಒಂದು ಮನೆ. ಹಳ್ಳಿಯ ತೊಟ್ಟಿಮನೆ ಮಾರಿದಾಗ ಅಜ್ಜಿ ಬೇರೇನೂ ಕೇಳಲಿಲ್ಲ, ಹಿತ್ತಾಳೆ ಸರಪಳಿಯ ಉಯ್ಯಾಲೆಮಣೆಯನ್ನು ಮಾತ್ರ ತಂದರು. ಮಗ ವೆಲ್ಡರ್ ಕರೆಸಿ ಎರಡು ಪೈಪಿನ ನಡುವಿಗೆ ಕೊಕ್ಕೆ ಬೆಸೆಸಿದ್ದರು. ನಾನು ಹೋಗಿ ಪೈಪಿನ ಎರಡು ತುದಿಗೂ ದಾರ ಎಳೆದು ಹಿಡಿದರೆ ನಡುವೆ ಬೆರಳು ತೂರುತ್ತಿತ್ತು. ಬೆಸುಗೆ ಹಾಕಿದ ಕಡೆ ಸತುವಿನ ಲೇಪ ಸುಟ್ಟು ತುಕ್ಕು ಹಿಡಿದಿತ್ತು. ಅಜ್ಜಿ ಕೇಳಿದರು: "ಊರಲ್ಲಿ ತೊಲೆಗೆ ಹಾಕಿದ್ವಿ. ನಾಲ್ಕು ತಲೆಮಾರು ತೂಗಿದೆ. ಮರಕ್ಕಿಂತ ಕಬ್ಬಿಣ ಗಟ್ಟಿ ಅಲ್ವೇನಪ್ಪ?"

ಒಳ್ಳೆಯ ಪ್ರಶ್ನೆ. ತಪ್ಪು ತಿಳಿವಳಿಕೆಯ ಬೇರು ಇರುವುದೂ ಇಲ್ಲೇ. ನಾವೆಲ್ಲ ತೊಲೆ ನೋಡಿಕೊಂಡು ಬೆಳೆದವರು. ತೊಲೆ ಇರುವುದೇ ಬಾಗುವ ಭಾರ ಹೊರಲು. ಅದಕ್ಕೇ ಅಷ್ಟು ದಪ್ಪ, ಅದಕ್ಕೇ ಅಗಲಕ್ಕಿಂತ ಎತ್ತರ ಜಾಸ್ತಿ. ಎಲ್ಲಿ ಬೇಕಾದರೂ ಕೊಕ್ಕೆ ಹೊಡೆಯಿರಿ, ತಡೆಯುತ್ತದೆ. ಸ್ಪೇಸ್ ಫ್ರೇಮಿನ ಪೈಪು ತೊಲೆ ಅಲ್ಲ. ಇಡೀ ಚೌಕಟ್ಟು ಸೇರಿ ತೊಲೆಯ ಕೆಲಸ ಮಾಡುತ್ತದೆ. ಅಜ್ಜಿಗೆ ಇದನ್ನು ಹೇಳಿದೆ, ತಕ್ಷಣ ಅರ್ಥ ಮಾಡಿಕೊಂಡರು. ಇಂಜಿನಿಯರಿಂಗ್ ಓದಿದ ಮಗನಿಗೆ ಒಪ್ಪಿಸಲು ಹೊತ್ತು ಹಿಡಿಯಿತು. ಕೊನೆಗೆ ಬಾಗಿದ ಪೈಪುಗಳನ್ನು ಬದಲಿಸಿದೆವು. ಗಂಟಿನಿಂದ ಗಂಟಿಗೆ ಒಂದು ಸಣ್ಣ ಉಕ್ಕಿನ ತೊಲೆ ಇಳಿಬಿಟ್ಟು, ಗಂಟುಗಳ ಲೆಕ್ಕ ಮತ್ತೆ ಮಾಡಿ, ಸರಪಳಿಗಳನ್ನು ಅದಕ್ಕೆ ಕೊಟ್ಟೆವು. ಅಜ್ಜಿ ಈಗಲೂ ಅದರಲ್ಲೇ ಕೂತು ಹೂವು ಕಟ್ಟುತ್ತಾರೆ.

ಪೈಪನ್ನೇ ಕತ್ತರಿಸುವವರದ್ದು ಇನ್ನೊಂದು ಬಗೆ. ಎರಡು ಜಾಲಗಳ ನಡುವಿನ ಜಾಗ ನೋಡಿದರೆ ಅಟ್ಟ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಓರೆ ಪೈಪು ಅಡ್ಡ ಬರುತ್ತದೆ. "ಇಷ್ಟೊಂದಿದೆಯಲ್ಲ ಸಾರ್, ಒಂದು ತೆಗೆದರೆ ಏನು?" 1970ರ ಒಸಾಕಾ ಎಕ್ಸ್‌ಪೋದಲ್ಲಿ ಜಪಾನಿನ ವಾಸ್ತುಶಿಲ್ಪಿ ಕೆಂಜೋ ಟಾಂಗೆ ಕಟ್ಟಿದ ಮಾಡಿನ ಫೋಟೋ ತೋರಿಸುವವರೂ ಇದ್ದಾರೆ. ಸುಮಾರು 108 ಮೀಟರ್ ಅಗಲ, 290 ಮೀಟರ್ ಉದ್ದದ ಚೌಕಟ್ಟು, ಅದರ ಹೊಟ್ಟೆಯೊಳಗೇ ವಾಸದ ಗೂಡುಗಳು. ಬಹಳ ಚೆಂದದ ಕೆಲಸ. ಆದರೆ ಆ ಗೂಡುಗಳು ಡ್ರಾಯಿಂಗ್ ಹಾಕುವಾಗಲೇ ಲೆಕ್ಕದಲ್ಲಿದ್ದವು. ನಿಮ್ಮ ಅಟ್ಟ ಇರಲಿಲ್ಲ. ಒಂದು ಪೈಪು ಹೋದರೆ ಅದರ ಪಾಲು ಪಕ್ಕದವಕ್ಕೆ ಹೋಗುತ್ತದೆ. ಅದರಲ್ಲಿ ಒತ್ತಡದ ಪೈಪು ಇದ್ದರೆ ಅದು ಮುನ್ಸೂಚನೆ ಕೊಡದೆ ಬಾಗಬಹುದು.

ಉದ್ದದ ಪೈಪಿನಲ್ಲಿ ಇದು ಇನ್ನೂ ಕೆಟ್ಟದ್ದು. ಉದ್ದ ಎರಡು ಪಟ್ಟಾದರೆ ಒತ್ತಡ ತಡೆಯುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1978ರ ಜನವರಿ 18ರ ನಸುಕಿನಲ್ಲಿ ಇಡೀ ಸ್ಪೇಸ್ ಫ್ರೇಮ್ ಮಾಡು ಹಿಮದ ಭಾರಕ್ಕೆ ಕುಸಿಯಿತು. ಕೆಲವೇ ಗಂಟೆ ಮುಂಚೆ ಸಾವಿರಾರು ಜನ ಅದರಡಿ ಬ್ಯಾಸ್ಕೆಟ್‌ಬಾಲ್ ನೋಡಿ ಮನೆಗೆ ಹೋಗಿದ್ದರು. ಒತ್ತಡ ಹೊರುವ ಉಕ್ಕಿನ ಕೋಲುಗಳಿಗೆ ನಡುವೆ ಆಸರೆ ಇದೆ ಅಂತ ಲೆಕ್ಕ ಹಿಡಿದಿದ್ದರು, ನಿಜಕ್ಕೂ ಅದು ಸಾಕಷ್ಟಿರಲಿಲ್ಲ. ಕಟ್ಟುವಾಗಲೇ ಲೆಕ್ಕಕ್ಕಿಂತ ಜಾಸ್ತಿ ತಗ್ಗಿದ್ದು ಕಂಡಿತ್ತು. ಯಾರೂ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಇಂಜಿನಿಯರುಗಳ ಕೆಲಸದಲ್ಲೇ ಹೀಗಾಗುತ್ತದೆ ಅಂದಮೇಲೆ, ಗ್ರೈಂಡರ್ ಹಿಡಿದ ಹುಡುಗನ ಕೈಗೆ ಪೈಪು ಒಪ್ಪಿಸಬಹುದಾ?

ಹಾಗಂತ ಹೆದರಿ ಕೂರಬೇಡಿ. ಒಂದು ಎಲ್ಇಡಿ ದೀಪ ಕಟ್ಟಿದರೆ, ವೈರಿನ ಪಟ್ಟಿ ಸುತ್ತಿದರೆ ಏನೂ ಆಗುವುದಿಲ್ಲ. ತೂತು ಕೊರೆಯಬೇಡಿ, ಅಷ್ಟೇ. ಕೊರೆದರೆ ಪೈಪಿನೊಳಗೆ ನೀರು ಹೋಗಿ ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಕಾಣುವುದೇ ಇಲ್ಲ. ಇಬ್ಬರು ಸೇರಿ ಎತ್ತಬೇಕಾದ ವಸ್ತು ಏನೇ ಇದ್ದರೂ ಗಂಟಿನಿಂದ ಇಳಿಬಿಡಿ, ಅದೂ ನಿಮ್ಮ ಇಂಜಿನಿಯರನ್ನು ಕೇಳಿಕೊಂಡು. ಎಲ್ಲ ಗಂಟಿಗೂ ಒಂದೇ ಶಕ್ತಿ ಇರುವುದಿಲ್ಲ.

ಮಾಡಿನ ಶೀಟು ಹೊದಿಸುವಾಗಲೂ ಇದೇ ಮಾತು. ಪರ್ಲಿನ್ (ಶೀಟು ಹೊರುವ ಅಡ್ಡಪಟ್ಟಿ) ಕೂರಬೇಕಾದ್ದು ಗಂಟಿನ ಮೇಲಿನ ಸ್ಟೂಲ್ (ಗಿಡ್ಡ ಕಾಲು) ಮೇಲೆ. ಶೀಟಿನ ಅಳತೆಗೆ ಸರಿಹೋಗಲಿಲ್ಲ ಅಂತ ಪರ್ಲಿನ್ನನ್ನು ಪೈಪಿನ ಮೇಲೆ ಸರಿಸಿ ಬೆಸೆಯುವ ಫ್ಯಾಬ್ರಿಕೇಟರ್ ಇದ್ದರೆ ಕೆಲಸ ಅಲ್ಲೇ ನಿಲ್ಲಿಸಿ. ಬೋಲ್ಟ್ ಗುಂಡಿನೊಳಗೆ ಪೂರ್ತಿ ಹೋಗಿದೆಯಾ ಅನ್ನುವುದು ಹೊರಗಿನಿಂದ ಗೊತ್ತಾಗುವುದಿಲ್ಲ. ಕೆಲವು ಪದ್ಧತಿಗಳಲ್ಲಿ ಪೈಪಿನ ತುದಿಯ ಸ್ಲೀವಿನಲ್ಲಿ (ಬೋಲ್ಟಿನ ಸುತ್ತಲಿನ ಕೊಳವೆಯಲ್ಲಿ) ಒಂದು ಸೀಳು, ಅದರೊಳಗೆ ಪಿನ್ ಇರುತ್ತದೆ. ಪಿನ್ ಎಲ್ಲಿ ನಿಂತಿದೆ ನೋಡಿದರೆ ಗೊತ್ತಾಗುತ್ತದೆ. ಹ್ಯಾಂಡೋವರ್ ದಿನ ಏಣಿ ಹತ್ತಿಸಿ ಇದನ್ನು ತೋರಿಸಲು ಹೇಳಿ. ತೋರಿಸಲು ಹಿಂಜರಿದರೆ ಕೊನೆಯ ಕಂತು ಕೊಡಬೇಡಿ.

ಮನೆ ಕಟ್ಟಿಸುವವರಲ್ಲಿ ನನ್ನ ಕೋರಿಕೆ ಒಂದೇ. ಉಯ್ಯಾಲೆ ಬೇಕಾ, ಅಟ್ಟ ಬೇಕಾ, ಸಾವಿರ ಲೀಟರಿನ ಟ್ಯಾಂಕ್ ಮೇಲೆ ಕೂರಬೇಕಾ, ಕಾರ್ಖಾನೆಗೆ ಆರ್ಡರ್ ಹೋಗುವ ಮುಂಚೆ ಹೇಳಿ. ನಾಚಿಕೆ ಪಟ್ಟುಕೊಳ್ಳಬೇಡಿ. ಆಗ ಕೆಲವು ಪೈಪಿನ ದಪ್ಪ, ಕೆಲವು ಬೋಲ್ಟಿನ ಅಳತೆ ಬದಲಿಸಿದರೆ ಸಾಮಾನ್ಯವಾಗಿ ಮುಗಿಯುತ್ತದೆ. ಮಾಡು ನಿಂತ ಮೇಲೆ ಹೇಳಿದರೆ ಬಿಚ್ಚಬೇಕು. ಯಾವ ಗಂಟಿಗೆ ಎಷ್ಟು ಕೆ.ಜಿ. ಅಂತ ಬರೆದ ಒಂದು ಹಾಳೆಯನ್ನು ನಿಮ್ಮ ಇಂಜಿನಿಯರ್ ಹತ್ತಿರ ಕೇಳಿ ಪಡೆಯಿರಿ, ಲ್ಯಾಮಿನೇಟ್ ಮಾಡಿಸಿ ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಡ್ರಿಲ್ ಹಿಡಿದು ಮೊದಲು ಬರುವವನು ಎಲೆಕ್ಟ್ರಿಷಿಯನ್, ಅವನು ಮೊದಲು ತೆರೆಯುವುದೂ ಆ ಬಾಗಿಲನ್ನೇ.