ಪುಟ್ಟ ಹೊಟ್ಟೆ, ಗಟ್ಟಿ ಗಂಜಿ

ಕನ್ನಂಬಾಡಿ ಕಟ್ಟೆಯ ನೀರುಂಡು ಭತ್ತ, ಕಬ್ಬು ಬೆಳೆಯುವ ಮಂಡ್ಯದಲ್ಲಿ ನಿಂತು ಹಸಿವಿನ ಮಾತೆತ್ತಿದರೆ ಕೇಳುವವರಿಗೆ ವಿಚಿತ್ರವೆನಿಸಬಹುದು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ ಶೇ. 65.5ರಷ್ಟು ಮತ್ತು 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಪಡಿತರದ ಅಕ್ಕಿ ಮನೆಗೆ ಬಂದರೂ ಹೀಗೇಕೆ ಎಂಬುದನ್ನು ತಿಳಿಯಲು ಮಗುವಿನ ಹೊಟ್ಟೆಯ ಅಳತೆಯಿಂದಲೇ ಆರಂಭಿಸುವುದು ಒಳ್ಳೆಯದು.

ಆರು ತಿಂಗಳು ತುಂಬಿದ ಮೇಲೆ ಎದೆಹಾಲೊಂದೇ ಸಾಲದು. ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್. ಎಂಟು ಕಿಲೋ ತೂಗುವ ಒಂದು ವರ್ಷದ ಮಗುವಿಗೆ ಅದು 240 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟ. ಹಿಟ್ಟನ್ನು ನೀರಿನಲ್ಲಿ ಬೇಯಿಸಿದಾಗ ಪಿಷ್ಟದ ಕಣಗಳು ನೀರು ಹೀರಿ ಊದಿಕೊಂಡು ಗಂಜಿ ಅಂಟಂಟಾಗುತ್ತದೆ. ಹಲ್ಲು ಬಾರದ ಮಗು ನುಂಗಲೆಂದು ತಾಯಿ ನೀರು ಬೆರೆಸಿ ತೆಳುವಾಗಿಸಿದರೆ, 100 ಮಿಲಿಲೀಟರ್ ಗಂಜಿಯಲ್ಲಿ ಉಳಿಯುವ ಹಿಟ್ಟು ಹತ್ತು ಗ್ರಾಮಿನಷ್ಟು. ಹೊಟ್ಟೆ ತುಂಬ ಉಣಿಸಿದರೂ ಒಂದು ಹೊತ್ತಿಗೆ ಸಿಗುವುದು 80 ಕ್ಯಾಲೊರಿಯ ಆಸುಪಾಸು. ಎದೆಹಾಲು ಕುಡಿಯುತ್ತಿರುವ ಒಂದರಿಂದ ಎರಡು ವರ್ಷದ ಮಗುವಿಗೆ ಮೇಲಾಹಾರದಿಂದಲೇ ದಿನಕ್ಕೆ ಸುಮಾರು 550 ಕ್ಯಾಲೊರಿ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಾದರೆ ದಿನಕ್ಕೆ ಏಳು ಸಲ ಉಣಿಸಬೇಕು. ಬೆಳಿಗ್ಗೆ ಕೂಲಿಗೆ ಹೋಗಿ ಸಂಜೆ ಮರಳುವ ತಾಯಿಗೆ ಇದು ಆಗದ ಮಾತು.

ನಮ್ಮ ಕಡೆಯ ಅಜ್ಜಿಯರು ಇದಕ್ಕೆ ಕಂಡುಕೊಂಡ ಉಪಾಯ ರಾಗಿ ಸರಿ. ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ ಸರಿಹಿಟ್ಟು ಮಾಡುತ್ತಾರೆ. ಮೊಳಕೆಯೊಡೆಯುವ ಕಾಳು ತನ್ನ ಸಸಿಗೆ ಆಹಾರ ಒದಗಿಸಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಪಿಷ್ಟದ ಉದ್ದನೆಯ ಸರಪಳಿಗಳನ್ನು ಅದು ತುಂಡರಿಸುವುದರಿಂದ ಗಂಜಿಯ ಅಂಟು ಇಳಿಯುತ್ತದೆ. ಅಷ್ಟೇ ನೀರಿಗೆ ಎರಡರಷ್ಟು ಹಿಟ್ಟು ಹಾಕಿದರೂ ಮಗು ನುಂಗಬಲ್ಲದು. ಏಳು ಹೊತ್ತಿನ ಲೆಕ್ಕ ನಾಲ್ಕಕ್ಕೆ ಬರುತ್ತದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ದೇಶಿಕಾಚಾರ್ ಮತ್ತು ಮಲ್ಲೇಶಿಯವರು ಮೊಳಕೆ ಧಾನ್ಯಗಳನ್ನು ಅಭ್ಯಸಿಸಿ, ಕಿರುಧಾನ್ಯಗಳ ಪೈಕಿ ರಾಗಿಯ ಮೊಳಕೆ ಹಿಟ್ಟು ಕಿಣ್ವದ ಬಲದಲ್ಲೂ ಪರಿಮಳದಲ್ಲೂ ಶಿಶು ಆಹಾರಕ್ಕೆ ಚೆನ್ನಾಗಿ ಒದಗುತ್ತದೆಂದು ತೋರಿಸಿದರು.

ಇಲ್ಲೊಂದು ಸೂಕ್ಷ್ಮವಿದೆ. ಕಾವು ಹೆಚ್ಚಿದರೆ ಕಿಣ್ವ ಕೆಡುತ್ತದೆ. ಒಣಗಿದ ಮೊಳಕೆಯನ್ನು ಕಪ್ಪಾಗುವಂತೆ ಹುರಿದರೆ, ಅಥವಾ ಹಿಟ್ಟನ್ನು ನೇರವಾಗಿ ಕುದಿನೀರಿಗೆ ಸುರಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿದಾಗ ಅದು ತನ್ನ ಕೆಲಸ ಮುಗಿಸುತ್ತದೆ. ಕೊನೆಗೆ ಕುದಿಸಿದರೆ ರೋಗಾಣುಗಳ ಭಯವೂ ಇರದು. ಗಂಟಾಗದಿರಲೆಂದು ಅಜ್ಜಿ ತಣ್ಣೀರಿನಲ್ಲಿ ಕದಡುತ್ತಿದ್ದಳು. ಕಿಣ್ವ ಉಳಿದದ್ದು ಅದರ ಜೊತೆಗೆ ಬಂದ ಲಾಭ. ಅಂಗಡಿಯಲ್ಲಿ ರಾಗಿ ಮಾಲ್ಟ್, ಅಂದರೆ ಮೊಳಕೆ ರಾಗಿಯ ಹಿಟ್ಟು, ಎಂದು ಮಾರುವ ಪುಡಿಯಲ್ಲಿ ಹಲವು ಬಾರಿ ಮೊಳಕೆ ಬರಿಸದ ಬರಿಯ ರಾಗಿಹಿಟ್ಟು ಮತ್ತು ಸಕ್ಕರೆ ಇರುತ್ತದಾದ್ದರಿಂದ ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳುವುದು ಮೇಲು.

ಮೊಳಕೆ ಬರಿಸುವುದರಿಂದ ಇನ್ನೊಂದು ಉಪಕಾರವೂ ಇದೆ. ರಾಗಿಯಲ್ಲಿ ನೂರು ಗ್ರಾಮಿಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಕಬ್ಬಿಣವೂ ಇದೆ. ಆದರೆ ಕಾಳಿನಲ್ಲಿರುವ ಫೈಟೇಟ್ ಆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ತಡೆಯುತ್ತದೆ. ಮೊಳಕೆಯಲ್ಲಿ ಫೈಟೇಟ್ ತಗ್ಗುತ್ತದೆ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿಕೊಂಡರೂ ಕಬ್ಬಿಣ ಹೆಚ್ಚು ದಕ್ಕುತ್ತದೆ; ಉಂಡ ಬೆನ್ನಿಗೇ ಕಾಫಿ ಕುಡಿದರೆ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಗುವಿನ ಮಾತಾಯಿತು. ಅದರ ರಕ್ತಹೀನತೆಯ ಬೇರು ಹೆಚ್ಚಾಗಿ ತಾಯಿಯಲ್ಲಿದೆ. ಹುಟ್ಟಿದ ಮೊದಲ ಆರು ತಿಂಗಳು ಮಗು ನೆಚ್ಚಿಕೊಳ್ಳುವ ಕಬ್ಬಿಣದ ಬಹುಭಾಗ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಬರುವಂಥದು. ಆ ತಾಯಿಯೋ ಮನೆಮಂದಿಯೆಲ್ಲ ಉಂಡೆದ್ದ ಮೇಲೆ ಮುದ್ದೆಯ ಜೊತೆ ತಳದಲ್ಲುಳಿದ ಸಾರನ್ನು ಬಡಿಸಿಕೊಳ್ಳುತ್ತಾಳೆ. ಕಾಳು, ಸೊಪ್ಪು, ಮೊಟ್ಟೆ ಆ ಹೊತ್ತಿಗೆ ಖಾಲಿಯಾಗಿರುತ್ತವೆ. ಮನೆಗೆ ಬಂದ ಆಹಾರ ಮನೆಯೊಳಗೆ ಹೇಗೆ ಹಂಚಿಹೋಗುತ್ತದೆಂಬುದನ್ನು ಪಡಿತರ ಚೀಟಿ ಹೇಳುವುದಿಲ್ಲ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸತೊಡಗಿತು. ಮನೆಗೆ ಕೊಟ್ಟ ಕಾಳು ಎಲ್ಲರ ಸಾರಿಗೂ ಸೇರುತ್ತದೆ, ಕಣ್ಣೆದುರು ಬಡಿಸಿದ್ದನ್ನು ಅವಳೇ ಉಣ್ಣುತ್ತಾಳೆ ಎಂಬ ಲೆಕ್ಕಾಚಾರ ಸರಿಯಾದದ್ದೇ. ಆದರೆ ಮಧ್ಯಾಹ್ನದ ಆ ಊಟಕ್ಕೆ ಅವಳು ನಡೆದು ಬರಬೇಕು. ನಾಟಿ, ಕಳೆ ಕೀಳುವ ದಿನಗಳಲ್ಲಿ ಕೂಲಿಯ ಗದ್ದೆಗೂ ಅಂಗನವಾಡಿಗೂ ನಡುವೆ ಎರಡು ಮೂರು ಕಿಲೋಮೀಟರ್ ಇದ್ದರೆ, ಅರ್ಧ ದಿನದ ಕೂಲಿ ಬಿಟ್ಟು ಊಟಕ್ಕೆ ಬರುವವರು ಎಷ್ಟು ಮಂದಿ?