ಓಣಿ, ಕೇರಿ, ಕಣಿವೆ, ಘಟ್ಟ: ದಾರಿಯ ಹೆಸರು ಜಾಗದ ಹೆಸರಾಗುವ ಬಗೆ

‘ಓಣಿ’ ಎಂಬ ಮಾತಿಗೆ ಸಾಗರ, ತೀರ್ಥಹಳ್ಳಿಯ ಕಡೆಯವರು ಹೇಳುವ ಅರ್ಥ ಬೇರೆ, ಹುಬ್ಬಳ್ಳಿ-ಧಾರವಾಡದವರು ಹೇಳುವ ಅರ್ಥ ಬೇರೆ. ಮಲೆನಾಡು ಮತ್ತು ಕರಾವಳಿಯಲ್ಲಿ ಓಣಿಯೆಂದರೆ ಎರಡು ಮಗ್ಗುಲಲ್ಲೂ ಮಣ್ಣಿನ ಧರೆ ಅಥವಾ ಬೇಲಿ ಎದ್ದಿದ್ದು ನಡುವೆ ತಗ್ಗಾಗಿ ಸಾಗುವ ಇಕ್ಕಟ್ಟಾದ ದಾರಿ. ಮಳೆಗಾಲದಲ್ಲಿ ಅದು ಅರ್ಧ ದಾರಿ, ಅರ್ಧ ಹಳ್ಳ. ಧಾರವಾಡದ ಮಾತಿನಲ್ಲಾದರೋ ‘ನಮ್ಮ ಓಣ್ಯಾಗಿನ ಹುಡುಗ’ ಎಂದರೆ ದಾರಿಯ ಮಾತೇ ಅಲ್ಲ, ಆ ದಾರಿಯ ಎರಡೂ ಕಡೆ ಮನೆ ಕಟ್ಟಿಕೊಂಡು ಒಂದೇ ಗಣಪತಿಯನ್ನು ಕೂರಿಸುವ ಜನವಸತಿಯ ಮಾತು. ನಡೆಯುವ ಜಾಗದ ಹೆಸರು ಹೀಗೆ ಇರುವ ಜಾಗದ ಹೆಸರಾಗಿ ಹರಡಿಕೊಳ್ಳುವುದು ಕನ್ನಡದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ, ಮತ್ತು ಈ ಗುಂಪಿನ ಪದಗಳ ಅರ್ಥಛಾಯೆಗಳನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಎಳೆ ನನಗೆ ತೋಚುವುದಿಲ್ಲ.

‘ಪೇಟೆ’ಯನ್ನೇ ನೋಡಬಹುದು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಬೆಂಗಳೂರಿನ ಕೋಟೆಪೇಟೆಯಲ್ಲಿ ಚಿಕ್ಕಪೇಟೆ ಮತ್ತು ದೊಡ್ಡಪೇಟೆ ಎಂಬವು ಒಂದನ್ನೊಂದು ಅಡ್ಡಹಾಯುವ ಎರಡು ಮುಖ್ಯ ಬೀದಿಗಳಾಗಿದ್ದವು. ದೊಡ್ಡಪೇಟೆ ಇಂದು ಅವೆನ್ಯೂ ರಸ್ತೆಯೆಂಬ ಹೆಸರಿನಲ್ಲಿ ಬೀದಿಯಾಗಿಯೇ ಉಳಿದಿದೆ; ಚಿಕ್ಕಪೇಟೆ ಮಾತ್ರ ತನ್ನ ಸುತ್ತಲಿನ ಸಂದಿಗೊಂದಿಗಳನ್ನೆಲ್ಲ ಸೇರಿಸಿಕೊಂಡು ಒಂದು ಪ್ರದೇಶವಾಗಿ ಬೆಳೆಯಿತು. ಬೆಳಗಾವಿಯ ‘ಗಣಪತ್ ಗಲ್ಲಿ’ಯ ಕತೆ ಇನ್ನೂ ತಮಾಷೆಯದು. ಗಲ್ಲಿಯೆಂದರೆ ಕಿರುದಾರಿ ಎಂದು ನಿಘಂಟು ಹೇಳುತ್ತದೆ, ಆದರೆ ಆ ಊರಿನಲ್ಲಿ ಅದು ಜನ ಕಿಕ್ಕಿರಿಯುವ ದೊಡ್ಡ ಮಾರುಕಟ್ಟೆಯ ಹೆಸರು.

‘ಕೇರಿ’ಯ ಅರ್ಥ ಇಷ್ಟು ಹಗುರವಾಗಿಲ್ಲ. ಮೂಲದಲ್ಲಿ ಇದೂ ಬೀದಿಯೇ, ಆದರೆ ಒಂದೇ ಕಸುಬಿನ ಅಥವಾ ಒಂದೇ ಜಾತಿಯ ಜನ ಸಾಲಾಗಿ ನೆಲೆಸಿದ ಬೀದಿ. ಕುಂಬಾರಗೇರಿ, ಒಕ್ಕಲಗೇರಿ ಮೊದಲಾದ ಹೆಸರುಗಳಲ್ಲಿ ಅದು ಹಾಗೆಯೇ ಉಳಿದಿದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮುಂದೆ ಯಾವ ವಿಶೇಷಣವನ್ನೂ ಹಚ್ಚದೆ ಬರೀ ‘ಕೇರಿ’ ಎಂದರೆ ದಲಿತರ ವಸತಿ ಎಂದೇ ಅರ್ಥ. ‘ಊರು-ಕೇರಿ’ ಎಂಬ ಜೋಡಿಪದದಲ್ಲಿ ಊರು ಬೇರೆಯವರದು, ಕೇರಿ ಇವರದು. ನಡುವಿನ ಆ ಗೆರೆಯನ್ನು ಅಲ್ಲಗಳೆದು ಈ ಪದದ ಅರ್ಥವನ್ನು ಬರೆಯಲಾಗದು. ಇದೇ ಪದ ಬೇರೊಂದು ಕಡೆ ಇಡೀ ಪಟ್ಟಣವೇ ಆಗಿದೆ: 17ನೆಯ ಶತಮಾನದಲ್ಲಿ ಹಾಲೇರಿ ಮನೆತನದ ಮುದ್ದುರಾಜ ನೆಲೆಮಾಡಿದ ಮುದ್ದುರಾಜಕೇರಿಯೇ ಮಡಿಕೇರಿ ಎಂಬುದು ಕೊಡಗಿನಲ್ಲಿ ರೂಢಿಯಲ್ಲಿರುವ ವಿವರಣೆ.

ದಾರಿ ಮತ್ತು ಬೀದಿಗಳ ನಡುವಿನ ವ್ಯತ್ಯಾಸ ಅಗಲಕ್ಕೆ ಸಂಬಂಧಿಸಿದ್ದಲ್ಲ. ಮನೆಯ ಜಗಳ ‘ಬೀದಿಗೆ ಬಂತು’ ಎಂದರೆ ಮರ್ಯಾದೆ ಹೋಯಿತು. ಪೋಲಿ ಮಗ ‘ದಾರಿಗೆ ಬಂದ’ ಎಂದರೆ ಮರ್ಯಾದೆ ಉಳಿಯಿತು. ಎರಡನ್ನೂ ಅದಲುಬದಲು ಮಾಡಿ ಹೇಳಿದರೆ ಒಂದು ಮಾತು ನಗೆಪಾಟಲು, ಇನ್ನೊಂದು ಬೈಗುಳ. ಬೀದಿಯೆಂದರೆ ಎರಡೂ ಕಡೆಯ ಮನೆಗಳಿಂದ ಕಣ್ಣುಗಳು ನೋಡುವ ಜಾಗ, ದಾರಿಗೆ ಗುರಿ ಇದ್ದರೆ ಸಾಕು, ಮನೆಗಳು ಬೇಕಿಲ್ಲ. ಹಾದಿ ದಾರಿಯ ಹತ್ತಿರದ ನಂಟನೇ ಆದರೂ ಕಾಲ್ನಡಿಗೆಯ ವಾಸನೆ ಅದಕ್ಕೆ ಹೆಚ್ಚು ಅಂಟಿಕೊಂಡಿದೆ.

ಊರಿನಿಂದ ಹೊರಗೆ ಬಂದರೆ ಮೊದಲು ಸಿಗುವ ಗೊಂದಲ ‘ಕಣಿವೆ’. ಸಿಂಧೂ ಕಣಿವೆ, ಕಾಶ್ಮೀರ ಕಣಿವೆ ಎಂದು ಶಾಲೆಯಲ್ಲಿ ಕಲಿತವರಿಗೆ ಅದು ಬೆಟ್ಟಗಳ ನಡುವಿನ ವಿಶಾಲವಾದ ತಗ್ಗುನೆಲ. ಆದರೆ ಹಿರಿಯೂರಿನ ಬಳಿಯ ಮಾರಿಕಣಿವೆಗೆ ಹೋಗಿ ನಿಂತರೆ ಪದದ ಹಳೆಯ ಅರ್ಥ ಕಣ್ಣಿಗೇ ಬೀಳುತ್ತದೆ: ಎರಡು ಗುಡ್ಡಗಳು ಹತ್ತಿರ ಹತ್ತಿರ ಬಂದು, ವೇದಾವತಿ ನುಸುಳಿ ಹೋಗುವಷ್ಟು ಜಾಗ ಬಿಟ್ಟಿವೆ. ಕಣಿವೆಯ ಆ ಇಕ್ಕಟ್ಟನ್ನೇ ನೆಚ್ಚಿಕೊಂಡು ಅಲ್ಲಿ ಅಣೆಕಟ್ಟು ಕಟ್ಟಿದರು. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅದು. ಎಂದರೆ ಕಣಿವೆ ಮೊದಲಿಗೆ ಹಾಯುವ ಸಂದು, ಅದೇ ಬಗೆಯ ‘ಕಣವಾಯ್’ ಎಂಬ ಪದವನ್ನು ತಮಿಳರು ಇಂದಿಗೂ ಬೆಟ್ಟದ ಹಾಯ್ದಾರಿಗೇ ಬಳಸುತ್ತಾರೆ. ನಮ್ಮಲ್ಲಿ ಪಠ್ಯಪುಸ್ತಕಗಳು ಆ ಪದವನ್ನು ತಗ್ಗುನೆಲಕ್ಕೆ ಕೊಟ್ಟುಬಿಟ್ಟು, ಖೈಬರ್‌ನಂಥ ಹಾಯ್ದಾರಿಗೆ ‘ಕಣಿವೆ ಮಾರ್ಗ’ ಎಂಬ ಹೊಸ ಹೆಸರನ್ನು ಹೊಲಿಯಬೇಕಾಯಿತು. ಹಳೆಯ ಅರ್ಥವನ್ನು ಬಲ್ಲವರಿಗೆ ಇದು ದಾರಿಯ ದಾರಿ ಎಂದಂತೆ ಕೇಳಿಸುತ್ತದೆ.

ಬೆಟ್ಟದ ಸಾಲಿನಲ್ಲಿ ಬಿದ್ದ ಇನ್ನೂ ದೊಡ್ಡ ಬಿಟ್ಟುಜಾಗಕ್ಕೆ ‘ಕಂಡಿ’ ಎನ್ನಬಹುದು. ಪಾಲಕ್ಕಾಡಿನ ಕಂಡಿ ಹಲವಾರು ಕಿಲೋಮೀಟರ್ ಅಗಲವಿದೆ. ಸ್ವರವೊಂದನ್ನು ಬದಲಿಸಿದರೆ ‘ಕಿಂಡಿ’, ಅದರಲ್ಲಿ ನೋಟ, ಗಾಳಿ, ನೀರು ಹಾಯಬಹುದೇ ಹೊರತು ಮನುಷ್ಯ ಹಾಯಲಾರ. ಉಡುಪಿಯ ಕನಕನ ಕಿಂಡಿಯೂ ಕರಾವಳಿಯ ಕಿಂಡಿ ಅಣೆಕಟ್ಟುಗಳೂ ಇದಕ್ಕೆ ಸಾಕ್ಷಿ.

ಎಲ್ಲಕ್ಕಿಂತ ದೂರ ಪ್ರಯಾಣ ಮಾಡಿದ ಪದ ‘ಘಟ್ಟ’. ಸಂಸ್ಕೃತದಲ್ಲಿ ಅದು ನದಿಗೆ ಇಳಿಯುವ ಮೆಟ್ಟಿಲುಗಳ ಜಾಗ; ಧರ್ಮಸ್ಥಳದಲ್ಲಿ ನೇತ್ರಾವತಿಯ, ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಯ ಸ್ನಾನಘಟ್ಟಗಳಲ್ಲಿ ಈ ಅರ್ಥ ಹಾಗೆಯೇ ಇದೆ. ಹತ್ತಿ ಇಳಿಯುವ ಈ ಭಾವವೇ ಬೆಟ್ಟದ ಏರುದಾರಿಗೆ ಸಂದಿತು. ಆಮೇಲೆ ದಾರಿಯ ಹೆಸರು ದಾರಿಯಿದ್ದ ಬೆಟ್ಟಕ್ಕೂ ಅಂಟಿಕೊಂಡು, ಹಡಗಿನಲ್ಲಿ ಬಂದ ಯುರೋಪಿಯನ್ನರ ನಕಾಶೆಗಳಲ್ಲಿ ಸುಮಾರು 1,600 ಕಿಲೋಮೀಟರ್ ಉದ್ದದ ಸಹ್ಯಾದ್ರಿಗೆ ಅದೇ ಹೆಸರಾಯಿತು. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದೂ ‘ಪಶ್ಚಿಮ ಘಟ್ಟ’ವನ್ನೇ. ಹೀಗೆ ಪದ ಪರ್ವತದ ಪಾಲಾದ ಮೇಲೆ ದಾರಿಗೆ ಒಂದು ಹೆಸರು ಬೇಕಲ್ಲ, ಅಲ್ಲಿ ‘ಘಾಟಿ’ ನೆರವಿಗೆ ಬಂತು. ಶಿರಾಡಿ, ಚಾರ್ಮಾಡಿ, ಆಗುಂಬೆಗಳಲ್ಲಿ ಧರೆ ಕುಸಿದಾಗ ಪತ್ರಿಕೆಗಳು ‘ಘಾಟಿ ಬಂದ್’ ಎಂದು ಬರೆಯುತ್ತವೆ, ‘ಘಟ್ಟ ಬಂದ್’ ಎಂದಲ್ಲ. ಆಡುಮಾತು ಮಾತ್ರ ಈ ಶಿಸ್ತಿಗೆ ಪೂರ್ತಿ ಒಪ್ಪಿಲ್ಲ. ‘ಘಟ್ಟ ಹತ್ತುವಾಗ ವಾಂತಿ ಬರುತ್ತದೆ’ ಎನ್ನುವವರ ಮನಸ್ಸಿನಲ್ಲಿರುವುದು ಪರ್ವತವಲ್ಲ, ತಿರುವುಗಳು. ಕರಾವಳಿಯವರಿಗೆ ಘಟ್ಟ ಒಂದು ಗಡಿಯೂ ಹೌದು: ಸಕಲೇಶಪುರದವರಿರಲಿ, ಕೋಲಾರದವರಿರಲಿ, ಎಲ್ಲರೂ ಅವರಿಗೆ ಒಟ್ಟಾಗಿ ‘ಘಟ್ಟದ ಮೇಲಿನವರು’. ಇನ್ನು ಮಾತುಕತೆಯೊಂದು ‘ನಿರ್ಣಾಯಕ ಘಟ್ಟ’ ತಲುಪಿತೆಂದು ಸುದ್ದಿಯಲ್ಲಿ ಓದುವಾಗ ನಾವು ಬೆಟ್ಟವನ್ನೂ ಬಿಟ್ಟು ಮತ್ತೆ ಮೆಟ್ಟಿಲಿಗೇ ಮರಳಿರುತ್ತೇವೆ.

ಪ್ರದೇಶಗಳನ್ನು ಹೇಳಲೆಂದೇ ಇರುವ ಪದಗಳಲ್ಲಿ ‘ನಾಡು’ ಜನರಿರುವ, ಉತ್ತುಬಿತ್ತುವ ನೆಲ, ಕಾಡಿಗೆ ಎದುರಾದದ್ದು. ‘ಸೀಮೆ’ ಮಾತ್ರ ಮೇಲಿನ ಪದಗಳಂತೆಯೇ ಅರ್ಥ ಬದಲಿಸಿದೆ, ಅದರ ಹೊರಟ ಜಾಗವಷ್ಟೇ ಬೇರೆ: ಅದು ದಾರಿಯಲ್ಲ, ಗಡಿಗೆರೆ. ಗೆರೆಯ ಹೆಸರು ಗೆರೆಯೊಳಗಿನ ನೆಲಕ್ಕೆ ಬಂದಾಗ ಬಯಲುಸೀಮೆ ಎಂದೆವು. ಅದೇ ಪದ ಗೆರೆಯಾಚೆಯಿಂದ ಬಂದದ್ದಕ್ಕೂ ಸಂದಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆಗಳಲ್ಲಿ ಸೀಮೆಯೆಂದರೆ ಪರದೇಶ. ಹೀಗಾಗಿ ಬಯಲುಸೀಮೆಯ ಅಂಗಡಿಯಲ್ಲಿ ಸೀಮೆಬದನೆ ಕೊಳ್ಳುವವರು ಒಂದೇ ಪದವನ್ನು ಒಳಗಿನದಕ್ಕೂ ಹೊರಗಿನದಕ್ಕೂ ಬಳಸುತ್ತಾರೆ, ಮತ್ತು ಅದರಿಂದ ಯಾರಿಗೂ ಗೊಂದಲವಾದಂತಿಲ್ಲ.